ನಾಯಿಕೆಮ್ಮು ತಗುಲಿದ ಹಸುಗೂಸಿನ ಶುಶ್ರೂಷೆ
(ತಾಯಂದಿರ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಎರಡು ತಿಂಗಳು ತುಂಬದ ಕೂಸೊಂದನ್ನು ಅದರ ಅಜ್ಜಿ ಒಮ್ಮೆ ನನ್ನ ಬಳಿಗೆ ಎತ್ತಿಕೊಂಡು ಬಂದಿದ್ದರು. ನಾನು ಅದನ್ನು ಸಾಮಾನ್ಯ ನೆಗಡಿಯೆಂದೇ ಎಣಿಸಿದೆ. "ಕೆಮ್ಮು ಅಂಥಾದ್ದೇನಿಲ್ಲ ಡಾಕ್ಟ್ರೇ, ನಡುನಡುವೆ ಉಸಿರೇ ಮರೆತ ಹಾಗೆ ಸುಮ್ಮನಾಗ್ತದೆ, ತುಟಿ ನೀಲಿ ಆಗ್ತದೆ" ಎಂದು ಆಕೆ ಹೇಳಿದ ಮೇಲೆಯೇ ಎಚ್ಚೆತ್ತೆನು. ಮನೆಯ ಹಿರಿಯ ಹುಡುಗಿ ಮೂರು ವಾರದಿಂದ ಕೆಮ್ಮುತ್ತಿದ್ದಳಂತೆ. ಕೂಸನ್ನು ಒಡನೆಯೇ ಆಮ್ಲಜನಕದ ಸೌಕರ್ಯವಿದ್ದ ಆಸ್ಪತ್ರೆಗೆ ಕಳುಹಿಸಿದೆವು, ಅದು ಉಳಿಯಿತು. ಅಜ್ಜಿ ಆ ಮಾತನ್ನು ಆಡದೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಇಂದಿಗೂ ನೆನೆಯುತ್ತೇನೆ.

ದೊಡ್ಡ ಮಕ್ಕಳಲ್ಲಿ ಈ ರೋಗವನ್ನು ಗುರುತಿಸುವುದು ಸುಲಭ. ಒಂದೆರಡು ವಾರ ನೆಗಡಿ. ಅನಂತರ ಉಸಿರಾಡಲೂ ಬಿಡುವಿಲ್ಲದೆ ಒಂದರ ಮೇಲೊಂದು ಕೆಮ್ಮು, ಕೊನೆಯಲ್ಲಿ 'ಹೂಪ್' ಎಂದು ಉಸಿರೆಳೆದುಕೊಳ್ಳುವ ಸದ್ದು, ಬಳಿಕ ವಾಂತಿ. ಆರು ತಿಂಗಳೊಳಗಿನ ಕೂಸಿನಲ್ಲಿ ಆ ಸದ್ದು ಕೇಳಿಸದೆಯೇ ಇರಬಹುದು. ಮುಖ ಕೆಂಪಾಗಿ ಕಪ್ಪಿಡುವುದು, ಉಸಿರು ನಿಂತು ನಿಂತು ಬರುವುದು, ಇವೇ ಅಲ್ಲಿನ ಲಕ್ಷಣಗಳು. ಆದುದರಿಂದ ಈ ವಯಸ್ಸಿನ ಕೂಸಿಗೆ ನಾಯಿಕೆಮ್ಮಿನ ಸಂಶಯ ಬಂದರೆ ಮನೆಯಲ್ಲಿ ಕಾದು ಕುಳಿತಿರಬಾರದು; ಆಸ್ಪತ್ರೆಯಲ್ಲಿಯೇ ಚಿಕಿತ್ಸೆಯಾಗಬೇಕು.

ಕೆಮ್ಮಿನ ಉಬ್ಬರ ಬಂದಾಗ ಹೆದರಿ ಕೂಸನ್ನು ಅಲುಗಾಡಿಸಬೇಡಿ. ತಲೆ ಸ್ವಲ್ಪ ತಗ್ಗಿರುವಂತೆ, ಮಗ್ಗುಲಾಗಿ ಮಲಗಿಸಿರಿ; ವಾಂತಿಯಾಗಲಿ ಲೋಳೆಯಾಗಲಿ ಶ್ವಾಸನಾಳಕ್ಕೆ ಇಳಿಯದೆ ಹೊರಗೆ ಹರಿದು ಬರುವುದು. ಬಾಯಂಚಿಗೆ ಬಂದುದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಗಂಟಲೊಳಗೆ ಬೆರಳು ಹಾಕಿದರೆ ಕೆಮ್ಮು ಮತ್ತೆ ಕೆರಳುತ್ತದೆ. ಉಸಿರು ನಿಂತಂತೆ ಕಂಡರೆ ಅಂಗಾಲನ್ನು ತಟ್ಟಿ, ಬೆನ್ನು ತಿಕ್ಕಿ ಎಚ್ಚರಿಸಿರಿ, 108ಕ್ಕೆ ಕರೆಮಾಡಿಸಿರಿ.

ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ತಾಯಿಗೆ ಅತ್ಯಂತ ಕಷ್ಟದ ಕೆಲಸವೆಂದರೆ ಹಾಲೂಡಿಸುವುದು. ಕುಡಿದುದೆಲ್ಲವೂ ಕೆಮ್ಮಿನೊಡನೆ ಹೊರಬರುತ್ತದೆ, ಕೂಸು ಸೊರಗುತ್ತದೆ. ಉಬ್ಬರವೂ ವಾಂತಿಯೂ ಮುಗಿದು ಕೂಸು ಶಾಂತವಾದೊಡನೆ ಮೊಲೆ ಕೊಡಿರಿ. ಆಗ ಕುಡಿದ ಹಾಲು ಹೊಟ್ಟೆಯಲ್ಲಿ ನಿಲ್ಲುವ ಸಂಭವ ಹೆಚ್ಚು. ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ, ರಾತ್ರಿಯೂ ಕೊಡಬೇಕು. ಚೀಪುವ ಶಕ್ತಿಯಿಲ್ಲದಿದ್ದರೆ ಎದೆಹಾಲನ್ನು ಹಿಂಡಿ, ಕುದಿಸಿ ಶುಚಿಮಾಡಿದ ಒಳಲೆಯಿಂದ ತುಟಿಯಂಚಿಗೆ ತೊಟ್ಟುತೊಟ್ಟಾಗಿ ಬಿಡಿರಿ. ಕೆಮ್ಮುತ್ತಿರುವಾಗ ಒಂದು ತೊಟ್ಟನ್ನೂ ಹಾಕಕೂಡದು. ಎಷ್ಟು ಸಲ ಕೆಮ್ಮಿತು, ಎಷ್ಟು ಸಲ ನೀಲಿಯಾಯಿತು ಎಂಬುದಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿಟ್ಟರೂ ಸಾಕು, ವೈದ್ಯರಿಗೆ ಅದು ದೊಡ್ಡ ಸಹಾಯ. ಅಲಕ್ಷಿಸಿದರೆ ಬೈಯುವವರೂ ನಾವೇ ಎನ್ನಿ!

ಒಲೆಯ ಹೊಗೆ, ಬೀಡಿಯ ಹೊಗೆ, ಒಗ್ಗರಣೆಯ ಘಾಟು ಇವುಗಳಿಂದ ಕೂಸನ್ನು ದೂರವಿಡಿರಿ. ನೋಡಲು ಬರುವವರೆಲ್ಲರೂ ಎತ್ತಿ ಆಡಿಸುವುದು ಬೇಡ. ಅಂಗಡಿಯ ಕೆಮ್ಮಿನ ಸಿರಪ್ಪಾಗಲಿ ನಿದ್ರೆ ಬರಿಸುವ ಔಷಧಿಯಾಗಲಿ ಅಪಾಯಕರ. ವರ್ಷ ತುಂಬುವವರೆಗೆ ಜೇನುತುಪ್ಪವೂ ಸಲ್ಲದು. ಬೀದಿಯಲ್ಲಿ ಮಾರುವ ಕತ್ತೆಯ ಹಾಲು ಈ ರೋಗಾಣುವನ್ನು ಕೊಲ್ಲುವುದಿಲ್ಲ. ಇನ್ನು ಬರೆ ಹಾಕುವ ಪದ್ಧತಿಯ ವಿಷಯ: ಉಸಿರಿಗೇ ಹೋರಾಡುತ್ತಿರುವ ಜೀವಕ್ಕೆ ಸುಟ್ಟಗಾಯವನ್ನೂ ಕೂಡಿಸುವುದು ಕ್ರೌರ್ಯವೆಂದು ನಾನು ನೇರವಾಗಿಯೇ ಹೇಳುತ್ತೇನೆ, ಹಿರಿಯರು ಮನ್ನಿಸಬೇಕು.

ವೈದ್ಯರು ಕೊಡುವ ಅಜಿತ್ರೋಮೈಸಿನ್‌ನಂಥ ಔಷಧಿಯನ್ನು ಹೇಳಿದಷ್ಟು ದಿನವೂ ಪೂರ್ತಿ ಕೊಡಬೇಕು. ತಡವಾಗಿ ಆರಂಭಿಸಿದರೆ ಅದು ಕೆಮ್ಮನ್ನು ಕೂಡಲೇ ನಿಲ್ಲಿಸದು. ಆದರೆ ಐದು ದಿನಗಳ ಬಳಿಕ ರೋಗವು ಇತರರಿಗೆ ಹರಡುವುದು ತಪ್ಪುತ್ತದೆ. ಮನೆಯವರಿಗೂ ಅದೇ ಔಷಧಿ ಬೇಕಾಗಬಹುದು.

ಲಸಿಕೆಯ ಮೊದಲ ಚುಚ್ಚುಮದ್ದು ಆರು ವಾರಕ್ಕೆ. ಮುಂದಿನವು ಹತ್ತು ಮತ್ತು ಹದಿನಾಲ್ಕು ವಾರಗಳಿಗೆ. 16ರಿಂದ 24 ತಿಂಗಳ ನಡುವೆ ಒಮ್ಮೆ, ಐದಾರು ವರ್ಷಕ್ಕೆ ಮತ್ತೊಮ್ಮೆ ಹೆಚ್ಚುವರಿ ಲಸಿಕೆ ಉಂಟು. ಎಲ್ಲವೂ ಉಚಿತ. ಆರು ವಾರದೊಳಗಿನ ಕೂಸಿಗೆ ಲಸಿಕೆಯ ರಕ್ಷಣೆಯೇ ಇಲ್ಲವಾದುದರಿಂದ, ಅಕ್ಕ ಅಣ್ಣಂದಿರ ಚುಚ್ಚುಮದ್ದು ಬಾಕಿಯಿದ್ದರೆ ಇಂದೇ ಹಾಕಿಸಿಕೊಂಡು ಹೋಗಿರಿ. ಅಲ್ಪಸ್ವಲ್ಪ ನೆಗಡಿಯಿದ್ದರೂ ಅಡ್ಡಿಯಿಲ್ಲ. ತಾಯಿ ಕಾರ್ಡನ್ನು ತಂದವರು ಸಭೆ ಮುಗಿದ ಮೇಲೆ ಸಿಸ್ಟರ್ ಅವರ ಮೇಜಿನ ಬಳಿ ಬರಬೇಕು.