ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಲು ಹೊರಟವರಿಗೆ

(ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷೆ ಕಲಿಸುವ ಮೇಷ್ಟ್ರಿಗೆ ಇಂಜಿನಿಯರಿಂಗ್ ವಿಷಯ ಕೊಟ್ಟಿದ್ದಾರಲ್ಲ ಎಂದು ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ಇಂಜಿನಿಯರ್ ಅಲ್ಲ. ಆದರೆ ನನ್ನ ಬಳಿ ಉರ್ದು, ಕನ್ನಡ ಓದಿ ಹೋದ ಹುಡುಗರಲ್ಲಿ ಕೆಲವರು ಮೆಕ್ಯಾನಿಕಲ್ ಸೇರಿ, ಮೊದಲ ವರ್ಷದಲ್ಲೇ ಪುಸ್ತಕ ಹಿಡಿದುಕೊಂಡು ನನ್ನ ಮನೆಗೆ ಬರುತ್ತಾರೆ. “ಸರ್, ಪ್ರಶ್ನೆಯೇ ಅರ್ಥವಾಗುತ್ತಿಲ್ಲ” ಎನ್ನುತ್ತಾರೆ. ಅವರೊಡನೆ ಕುಳಿತು ಓದಿದ್ದರಿಂದ ತಿಳಿದದ್ದನ್ನು ಹೇಳುತ್ತೇನೆ.

ನಮ್ಮ ಮೊಹಲ್ಲಾಗಳಲ್ಲಿ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಲೇತು, ತಗಡಿನ ಕೆಲಸ, ಪಂಪ್ ರಿಪೇರಿ ಎಲ್ಲವೂ ಇವೆ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂರುವ ಹುಡುಗ ಎಂಜಿನ್ ಶಬ್ದ ಕೇಳಿಯೇ ಎಲ್ಲಿ ದೋಷವಿದೆ ಎಂದು ಹೇಳಬಲ್ಲ. ಅದೇ ಹುಡುಗ ಬಿ.ಇ. ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲೂ ಡ್ರಾಯಿಂಗಿನಲ್ಲೂ ಫೇಲಾಗುತ್ತಾನೆ. “ಇವನಿಗೆ ಓದು ಹತ್ತುವುದಿಲ್ಲ” ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅವನಿಗೆ ಯಂತ್ರ ಗೊತ್ತಿದೆ. ಅದನ್ನು ಕಾಗದದ ಮೇಲೆ ತರುವುದನ್ನು ಯಾರೂ ಕಲಿಸಿಲ್ಲ.

ಒಂದು ಉದಾಹರಣೆ ನೋಡಿ. ಹೊಗೆಕೊಳವೆಯ ತುದಿಗೆ ಹಾಕುವ ತಗಡಿನ ಟೋಪಿ ಇದೆಯಲ್ಲ, ಅದನ್ನು ನಮ್ಮ ತಗಡಿನ ಕೆಲಸದವರು ಕಣ್ಣಳತೆಯಲ್ಲೇ ಕತ್ತರಿಸಿ ಮಡಚುತ್ತಾರೆ. ಇಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಇದೇ ಕೆಲಸಕ್ಕೆ ‘ಡೆವಲಪ್‌ಮೆಂಟ್ ಆಫ್ ಸರ್ಫೇಸಸ್’ ಎಂಬ ದೊಡ್ಡ ಹೆಸರು. ಟೋಪಿಯ ತಳದ ತ್ರಿಜ್ಯ 5 ಸೆಂ.ಮೀ., ಓರೆ ಎತ್ತರ 15 ಸೆಂ.ಮೀ. ಎಂದುಕೊಳ್ಳಿ. 360ನ್ನು 5ರಿಂದ ಗುಣಿಸಿ 15ರಿಂದ ಭಾಗಿಸಿದರೆ 120. ಅಂದರೆ 15 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿ 120 ಡಿಗ್ರಿಯಷ್ಟು ಭಾಗ ಕತ್ತರಿಸಿ ಮಡಚಿದರೆ ಟೋಪಿ ಸಿದ್ಧ. ಇದು ಹತ್ತನೆಯ ತರಗತಿಯ ಹುಡುಗನಿಗೆ ಎಟುಕದ ಲೆಕ್ಕವೇನಲ್ಲ. ಈ ವಿಷಯದಲ್ಲಿ ಫೇಲಾಗಿದ್ದ ಒಬ್ಬ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: “ನಿನ್ನ ಚಾಚಾನ ಅಂಗಡಿಗೆ ಹೋಗಿ ನಾಲ್ಕು ದಿನ ನೋಡು, ನೋಡಿದ್ದನ್ನು ಹಾಳೆಯ ಮೇಲೆ ಗೀಚು.” ಮುಂದಿನ ಪರೀಕ್ಷೆಯಲ್ಲಿ ಪಾಸಾದ. ಚಾಚಾನಿಗೂ ಆ ಲೆಕ್ಕ ಹೇಳಿಕೊಟ್ಟನಂತೆ. ಅವರು ನಕ್ಕು, ಕಣ್ಣಳತೆಯಲ್ಲೇ ಕತ್ತರಿಸಿದರಂತೆ!

ನಕ್ಷೆಯಲ್ಲಿ ಇನ್ನೊಂದು ಗೊಂದಲವಿದೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು ‘ಫಸ್ಟ್ ಆಂಗಲ್’ ಪದ್ಧತಿ. ಇದರಲ್ಲಿ ವಸ್ತುವನ್ನು ಮುಂದಿನಿಂದ ನೋಡಿದ ಚಿತ್ರ ಮೇಲೆ, ಮೇಲಿನಿಂದ ನೋಡಿದ ಚಿತ್ರ ಕೆಳಗೆ ಬರುತ್ತದೆ. ಹೊಸಬರಿಗೆ ತಲೆಕೆಳಗಾದಂತೆ ಕಾಣುತ್ತದೆ. ಒಂದು ಬೆಂಕಿಪೊಟ್ಟಣ ಮುಂದಿಟ್ಟುಕೊಂಡು ಬರೆದರೆ ವಾರದಲ್ಲಿ ಅಭ್ಯಾಸವಾಗುತ್ತದೆ. ಕಂಪ್ಯೂಟರಿನಲ್ಲಿ ಬರೆಯುವುದು ಬಂದ ಮೇಲೂ ಮನಸ್ಸಿನಲ್ಲಿ ವಸ್ತುವನ್ನು ತಿರುಗಿಸಿ ನೋಡುವ ಕೆಲಸ ತಪ್ಪಿಲ್ಲ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಮನೆಯಲ್ಲಿ ನಾವು ಎಲ್ಲದಕ್ಕೂ ‘ತಾಖತ್’ ಎನ್ನುತ್ತೇವೆ. ಕನ್ನಡದಲ್ಲೂ ಬಲ, ಶಕ್ತಿ ಎಂದು ಮನಬಂದಂತೆ ಹೇಳುತ್ತೇವೆ. ಇಂಜಿನಿಯರಿಂಗಿನಲ್ಲಿ ಇದು ನಡೆಯದು. ಫೋರ್ಸ್ ಎಂದರೆ ಬಲ, ಉರ್ದುವಿನ ಖುವ್ವತ್. ಎನರ್ಜಿ ಎಂದರೆ ಶಕ್ತಿ, ತವಾನಾಯಿ. ಪವರ್ ಎಂದರೆ ಸಾಮರ್ಥ್ಯ, ಅದೇ ತಾಖತ್. ಈ ಮೂರೂ ಬೇರೆ ಬೇರೆ. ಅವುಗಳನ್ನು ಅಳೆಯುವ ಮಾನಗಳೂ ನ್ಯೂಟನ್, ಜೂಲ್, ವಾಟ್ ಎಂದು ಬೇರೆ. ಪದ ಗೊಂದಲವಾದವನಿಗೆ ಸೂತ್ರವೂ ಗೊಂದಲವಾಗುತ್ತದೆ. ‘ಇಂಗ್ಲಿಷ್ ಬಾರದ್ದರಿಂದ ಫೇಲಾದ’ ಎನ್ನುವ ಮಾತು ಅರ್ಧ ಮಾತ್ರ ನಿಜ. ಎಂಟನೆಯ ತರಗತಿಯಲ್ಲಿ ತನ್ನ ಭಾಷೆಯಲ್ಲೇ ಈ ಮೂರನ್ನು ಬೇರ್ಪಡಿಸಲು ಕಲಿತಿದ್ದರೆ ಇಂಗ್ಲಿಷ್ ಪದ ಹೊಸ ಹೆಸರು ಮಾತ್ರ ಆಗಿರುತ್ತಿತ್ತು. ಇದು ನಮ್ಮಂಥ ಶಿಕ್ಷಕರ ಕೆಲಸ.

ನಮ್ಮ ಭಾಷೆಗಳಲ್ಲಿ ಇಂಥ ಓದು ಅಸಾಧ್ಯವೆಂದು ಹೇಳುವವರಿಗೆ ಹೈದರಾಬಾದನ್ನು ನೆನಪಿಸಬೇಕು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಆಗ ಉರ್ದುವಾಗಿತ್ತು. ಅನುವಾದಕ್ಕೆಂದೇ ಪ್ರತ್ಯೇಕ ಇಲಾಖೆಯಿತ್ತು. 1929ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾಯಿತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಇತ್ತೀಚೆಗೆ, 2021ರಲ್ಲಿ, ಎ.ಐ.ಸಿ.ಟಿ.ಇ. ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅವಕಾಶ ನೀಡಿತು. ಅದರ ಕನ್ನಡ ಪಠ್ಯಪುಸ್ತಕಗಳು ಇ-ಕುಂಭ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆದರೂ ಅರ್ಥಮಾಡಿಕೊಳ್ಳಲು ಇವು ಉಪಯುಕ್ತ. ಎರಡೂ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ.

ಎರಡನೆಯ ವರ್ಷದಿಂದ ನಿಜವಾದ ಮೆಕ್ಯಾನಿಕಲ್ ಆರಂಭ. ನಿಮ್ಮ ಸ್ಕೇಲನ್ನು ಮಲಗಿಸಿ ಬಗ್ಗಿಸಿ, ಬಗ್ಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಲು ನೋಡಿ, ಜಗ್ಗುವುದಿಲ್ಲ. ಸ್ಕೇಲಿನ ಅಗಲ ಅದರ ದಪ್ಪದ ಹತ್ತು ಪಟ್ಟಿದ್ದರೆ ನಿಂತ ಸ್ಕೇಲು ನೂರು ಪಟ್ಟು ಗಡುಸು. ಕಟ್ಟಡದ ತೊಲೆಯನ್ನು ನಿಲ್ಲಿಸಿಯೇ ಇಡುವುದು ಇದಕ್ಕೇ. ಥರ್ಮೋಡೈನಮಿಕ್ಸ್ ಇದಕ್ಕಿಂತ ಕಠಿಣ. ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ಅನುಪಾತ 9 ಇದ್ದರೆ, ಆದರ್ಶ ಲೆಕ್ಕದಲ್ಲಿ ಶಾಖದ ಶೇ. 58ರಷ್ಟು ಕೆಲಸವಾಗಿ ಬದಲಾಗಬೇಕು. ರಸ್ತೆಯ ಮೇಲಿನ ಎಂಜಿನ್ ಅದರ ಅರ್ಧದ ಆಸುಪಾಸಿನಲ್ಲೇ ಉಳಿಯುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಸೈಲೆನ್ಸರ್ ಮುಟ್ಟಿ ಕೈ ಸುಟ್ಟುಕೊಂಡವನಿಗೆ ಉತ್ತರದ ಒಂದು ಭಾಗ ಆಗಲೇ ಗೊತ್ತು.

“ನಾಲ್ಕು ವರ್ಷ ಓದಿ ಗ್ಯಾರೇಜಿಗೇ ಬರುವುದಾದರೆ ಫೀಸು ಯಾಕೆ ಕಟ್ಟಲಿ?” ಎಂದು ಒಬ್ಬ ತಂದೆ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಮೊದಲ ಸಂಬಳದಲ್ಲಿ ಸಾಫ್ಟ್‌ವೇರಿನವರು ಮುಂದಿರುತ್ತಾರೆ, ಅದನ್ನು ಮುಚ್ಚಿಡಬಾರದು. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಹೋದವರೂ ಬಹಳ. ಆದರೆ ಗ್ಯಾರೇಜಿನಲ್ಲಿರುವವನು ಕೆಟ್ಟ ಭಾಗವನ್ನು ಬದಲಿಸುತ್ತಾನೆ. ಓದಿದವನು ಆ ಭಾಗ ಯಾಕೆ ಮತ್ತೆ ಮತ್ತೆ ಅಲ್ಲೇ ಮುರಿಯುತ್ತದೆ ಎಂದು ಹುಡುಕಿ, ಮುರಿಯದಂತೆ ಬರೆದುಕೊಡಬಲ್ಲ. ಮಗನಿಗೆ ಇದರಲ್ಲಿ ಆಸಕ್ತಿಯೇ ಇಲ್ಲದಿದ್ದರೆ ದಯವಿಟ್ಟು ಸೇರಿಸಬೇಡಿ. ಮಗಳಿಗೆ ಆಸಕ್ತಿ ಇದ್ದರೆ ತಡೆಯಬೇಡಿ. ಸುತ್ತಿಗೆ ಬಡಿಯುವುದೇ ಮೆಕ್ಯಾನಿಕಲ್ ಎಂದು ತಿಳಿದವರು ಡಿಸೈನ್ ವಿಭಾಗವನ್ನು ಒಮ್ಮೆ ನೋಡಿ ಬರಲಿ.

ಸೇರುವ ದಾರಿ ಎರಡು. ಪಿ.ಯು.ಸಿ. ವಿಜ್ಞಾನ ಓದಿ ಸಿ.ಇ.ಟಿ. ಬರೆಯುವುದು ಒಂದು. ಎಸ್.ಎಸ್.ಎಲ್.ಸಿ. ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿ.ಸಿ.ಇ.ಟಿ. ಬರೆದು, ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರುವುದು ಇನ್ನೊಂದು. ಕೈಕೆಲಸ ಬಲ್ಲ, ಮನೆಯಲ್ಲಿ ಹಣದ ಅಡಚಣೆಯಿರುವ ಹುಡುಗನಿಗೆ ಎರಡನೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ; ನಡುವೆ ನಿಲ್ಲಿಸಬೇಕಾಗಿ ಬಂದರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಈ ದಾರಿಯಲ್ಲಿ ಬಂದವರಿಗೆ ಗಣಿತವೇ ಕಷ್ಟ. ಆದ್ದರಿಂದ ಡಿಪ್ಲೊಮಾ ಕೊನೆಯ ವರ್ಷದಲ್ಲೇ ಕ್ಯಾಲ್ಕುಲಸ್ ಆರಂಭಿಸಿ. ಐ.ಐ.ಟಿ. ಪ್ರಾಧ್ಯಾಪಕರ ಪಾಠಗಳು ಎನ್.ಪಿ.ಟಿ.ಇ.ಎಲ್.ನಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ.

ಸಭೆಯ ನಂತರ ಹೊರಗಿನ ಮೇಜಿನ ಬಳಿ ನಾನಿರುತ್ತೇನೆ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಮೂರು ಮಿನಿ ಡ್ರಾಫ್ಟರ್, ಒಂದಿಷ್ಟು ಪುಸ್ತಕಗಳು ಅಲ್ಲಿವೆ. ಈ ವರ್ಷ ಸೇರುವವರು ಹೆಸರು ಬರೆಸಿ ತೆಗೆದುಕೊಂಡು ಹೋಗಬಹುದು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು.