ಪೀಪಾಯಿಯಲ್ಲಿ ಜೀವಂತ ಬಿಯರ್



ಮದ್ಯಪಾನದ ಒಳಿತು ಕೆಡುಕುಗಳ ಚರ್ಚೆಯನ್ನು ಸದ್ಯಕ್ಕೆ ಬದಿಗಿಟ್ಟು, ಇಂಗ್ಲೆಂಡಿನ ಪೀಪಾಯಿ ಬಿಯರನ್ನು ಒಂದು ಆಹಾರ ಪದಾರ್ಥವಾಗಿ ನೋಡೋಣ. ಅದರಲ್ಲಿ ಜೀವ ಉಳಿಯಬೇಕೇ, ಅದನ್ನು ಕಾಯುವ ಕೌಶಲ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಅಲ್ಲಿ ದೊಡ್ಡ ಜಗ್ಗಾಟವೇ ನಡೆಯಿತು.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸವನ್ನು ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಹುದುಗಿಸಿದರೆ ಬಿಯರ್. ಅಲ್ಲಿನ ಸಾಂಪ್ರದಾಯಿಕ ‘ಏಲ್’ ಅನ್ನು ಸೋಸದೆ, ಪಾಶ್ಚರೀಕರಿಸದೆ, ಯೀಸ್ಟ್ ಸಮೇತ ಪೀಪಾಯಿಗೆ ತುಂಬುತ್ತಾರೆ. ಹುದುಗುವಿಕೆ ಅಲ್ಲಿಯೂ ಮುಂದುವರಿಯುತ್ತದೆ. ಮಡಕೆಯ ಶೇಂದಿ ಗಳಿಗೆಗೊಮ್ಮೆ ಬದಲಾಗುವುದನ್ನು ಕಂಡವರಿಗೆ ಇದು ಹೊಸತಲ್ಲ. ಪಬ್ಬಿನ ನೆಲಮಾಳಿಗೆಯಲ್ಲಿ, ಸುಮಾರು 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಪೀಪಾಯಿಯನ್ನು ಅಡ್ಡ ಮಲಗಿಸಿ ಅಲುಗಾಡದಂತೆ ಇಡುತ್ತಾರೆ. ಮೇಲಿನ ರಂಧ್ರಕ್ಕೆ ಗಾಳಿಯಾಡುವ ಮೆತ್ತನೆಯ ಮರದ ಬೆಣೆ ಬಡಿದರೆ ಹೆಚ್ಚಿನ ಅನಿಲ ಮೆಲ್ಲಗೆ ಹೊರಹೋಗುತ್ತದೆ. ಸಾಕೆನಿಸಿದಾಗ ಗಟ್ಟಿ ಮರದ ಬೆಣೆಯಿಂದ ತಡೆಯಬೇಕು. ಆ ‘ಸಾಕು’ ಯಾವಾಗ ಎಂಬುದನ್ನು ಮಾಳಿಗೆ ನೋಡಿಕೊಳ್ಳುವವರ ಕಣ್ಣು ನಾಲಗೆಗಳೇ ಹೇಳಬೇಕು. ಗಸಿ ಬೇಗ ಇಳಿಯಲೆಂದು ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬೆರೆಸುವ ವಾಡಿಕೆಯೂ ಇದೆ (ಸಸ್ಯಾಹಾರಿ ಪ್ರವಾಸಿಗರು ವಿಚಾರಿಸಿಕೊಳ್ಳುವುದು ಒಳಿತು!). ತಿಳಿಯಾದ ಮೇಲೆ ಕೈಪಂಪಿನಿಂದ ಮೇಲಕ್ಕೆಳೆದು ಲೋಟಕ್ಕೆ ಬಗ್ಗಿಸುತ್ತಾರೆ. ಹೊರಗಿನಿಂದ ಅನಿಲದ ಸಿಲಿಂಡರ್ ತರುವ ಅಗತ್ಯವಿಲ್ಲ.

1960ರ ದಶಕದಲ್ಲಿ ದೊಡ್ಡ ಕಂಪನಿಗಳು ಸೋಸಿ, ಪಾಶ್ಚರೀಕರಿಸಿದ ಬಿಯರನ್ನು ‘ಕೆಗ್’ ಎಂಬ ಮುಚ್ಚಿದ ಲೋಹದ ಪಾತ್ರೆಗೆ ತುಂಬಿ, ಇಂಗಾಲದ ಡೈಆಕ್ಸೈಡಿನ ಒತ್ತಡದಿಂದ ನಲ್ಲಿಗೆ ಏರಿಸುವ ಕ್ರಮವನ್ನು ಎಲ್ಲೆಡೆ ಹರಡಿದವು. ಯಾರು ಸುರಿದರೂ ಒಂದೇ ರುಚಿ. ದೂರ ಸಾಗಿಸಬಹುದು, ವಾರಗಟ್ಟಲೆ ಇಡಬಹುದು. ಮಾರಾಟಗಾರನಿಗೆ ಅನುಕೂಲವೇ, ಆದರೆ ಮಾಳಿಗೆಯ ವಿದ್ಯೆಗೆ ಅಲ್ಲಿ ಕೆಲಸವಿಲ್ಲ. ಇದನ್ನು ಪ್ರತಿಭಟಿಸಿ 1971ರಲ್ಲಿ ನಾಲ್ವರು ಯುವಕರು ‘ಕ್ಯಾಮ್ರಾ’ ಎಂಬ ಗ್ರಾಹಕರ ಸಂಘಟನೆಯನ್ನು ಕಟ್ಟಿದರು. ಅದು ಲಕ್ಷಕ್ಕೂ ಮೀರಿದ ಸದಸ್ಯರ ಚಳವಳಿಯಾಗಿ ಬೆಳೆಯಿತು. ಕುಡಿಯುವವರೇ ಸಂಘಟಿತರಾಗಿ ಕಂಪನಿಗಳ ಧೋರಣೆಯನ್ನು ಪ್ರಶ್ನಿಸಿದ್ದು ಸಣ್ಣ ಮಾತಲ್ಲ.

ಆದರೂ ಪೀಪಾಯಿಯ ಲೆಕ್ಕಾಚಾರ ಕಠಿಣವೇ. ಬಿಯರ್ ಎಳೆದಂತೆ ಒಳಗೆ ಗಾಳಿ ಸೇರುವುದರಿಂದ, ತೆರೆದ ಪೀಪಾಯಿ ಸುಮಾರು ಮೂರು ದಿನಗಳಲ್ಲಿ ಖಾಲಿಯಾಗಬೇಕು. ತಡವಾದರೆ ರುಚಿ ಕೆಟ್ಟು ಹುಳಿಯಾಗುತ್ತದೆ. ಬಳಕೆಯಲ್ಲಿರುವ ‘ಫರ್ಕಿನ್’ ಪೀಪಾಯಿಯಲ್ಲಿ 41 ಲೀಟರ್ ಹಿಡಿಯುತ್ತದೆ. ಗಿರಾಕಿಗಳು ಕಡಿಮೆಯಾದ ಹಳ್ಳಿಯ ಪಬ್ಬಿಗೆ ಅಷ್ಟು ಖರ್ಚಾಗುವುದು ಸುಲಭವಲ್ಲ. ಅಂಥ ಕಡೆ ಕೆಲವರು ಅದರ ಅರ್ಧ ಅಳತೆಯ ‘ಪಿನ್’ ತರಿಸುತ್ತಾರೆ. ಕೆಲವರು ಕೈಪಂಪನ್ನೇ ಕಳಚಿಡುತ್ತಾರೆ.