ಹಾಸಿಗೆಯಲ್ಲಿರುವ ಮಗುವನ್ನೇ ಮಾತನಾಡಿಸೋಣ

(ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಪ್ರಬೋಧನೆ)



1858ನೇ ಇಸವಿಯ ಫೆಬ್ರವರಿ 11ರಂದು ಫ್ರಾನ್ಸ್ ದೇಶದ ಲೂರ್ದಿನಲ್ಲಿ ಸೌದೆ ಆರಿಸಲು ಹೋದ ಬಡ ಹುಡುಗಿ ಬರ್ನಡೆಟ್‌ಳಿಗೆ ಮಾತೆ ಮರಿಯಮ್ಮನವರು ದರ್ಶನವಿತ್ತರು. ಆಗ ಅವಳಿಗೆ 14 ವರ್ಷ. ಉಬ್ಬಸದಿಂದ ನರಳುತ್ತಿದ್ದವಳು. ಓದು ಬರಹ ಬಾರದವಳು. ಊರಿನ ಹಿರಿಯರು ಅವಳನ್ನು ಗದರಿಸಿದರು, ಪೊಲೀಸರು ಪ್ರಶ್ನಿಸಿದರು. ಆದರೆ ಮಾತೆ ಹೇಗೆ ನಡೆದುಕೊಂಡರು? ಅವಳ ಆಡುಭಾಷೆಯಲ್ಲೇ, 'ನೀನು' ಎನ್ನದೆ ಬಹುವಚನದಲ್ಲಿ ಮಾತನಾಡಿಸಿದರು. 15 ದಿನ ಇಲ್ಲಿಗೆ ಬರಲು ದಯೆ ತೋರುವಿರಾ ಎಂದು ಕೇಳಿದರು. ಅಪ್ಪಣೆ ಕೊಡಲಿಲ್ಲ, ಕೇಳಿಕೊಂಡರು! ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಯೊಡನೆ ಮಾತನಾಡುವಂತೆ ಆಕೆ ನನ್ನೊಡನೆ ಮಾತನಾಡಿದರು ಎಂಬುದನ್ನು ಬರ್ನಡೆಟ್ ಕೊನೆಯವರೆಗೂ ಮರೆಯಲಿಲ್ಲ.

ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ಹಬ್ಬದ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ, 15 ಮಕ್ಕಳ ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ದಿನ. ಇವೆರಡರ ನಡುವೆ ಬರುವ ಈ ಹಬ್ಬದಲ್ಲಿ, ಹದಿಹರೆಯದಲ್ಲಿ ಮತ್ತು ಎಳೆಯ ಪ್ರಾಯದಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರನ್ನು ಬಲಿಪೀಠದ ಮುಂದೆ ನೆನೆಯೋಣ. ಅವರೊಡನೆ ನಾವು ಹೇಗೆ ಮಾತನಾಡುತ್ತಿದ್ದೇವೆ ಎಂದೂ ಕೇಳಿಕೊಳ್ಳೋಣ.

ಶಿಕಾರಿಪುರದಲ್ಲಾಗಲಿ, ಸೊರಬದಲ್ಲಾಗಲಿ, ಇಂಥ ಮನೆಗೆ ಹೋದಾಗ ನಾವು ಜಗಲಿಯಲ್ಲಿ ಕುಳಿತು ತಂದೆಯೊಡನೆ ಮಾತನಾಡುತ್ತೇವೆ, ಅಡುಗೆಮನೆಯ ಬಾಗಿಲಲ್ಲಿ ನಿಂತ ತಾಯಿಯೊಡನೆ ಮಾತನಾಡುತ್ತೇವೆ. ಡಾಕ್ಟರು ಏನೆಂದರು, ಎಷ್ಟು ಖರ್ಚಾಯಿತು, ಯಾರ ಕಣ್ಣು ಬಿತ್ತೋ ಎನ್ನುತ್ತೇವೆ. ಒಳಕೋಣೆಯಲ್ಲಿ ಮಲಗಿರುವ 17 ವರ್ಷದ ಮಗ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾನೆ. ಅವನಿಗೆ ರೋಗದ ಹೆಸರನ್ನು ಯಾರೂ ಹೇಳಿರುವುದಿಲ್ಲ. 'ಗಡ್ಡೆ' ಎಂದೋ, 'ರಕ್ತ ಕಡಿಮೆ' ಎಂದೋ ಹೇಳಿರುತ್ತೇವೆ. ಪ್ರೀತಿಯಿಂದಲೇ ಮುಚ್ಚಿಡುತ್ತೇವೆ, ನಿಜ. ಆದರೆ ಅವನ ಕೂದಲು ಉದುರಿದೆ, ಪಕ್ಕದ ಹಾಸಿಗೆಯ ರೋಗಿ ಯಾರೆಂದು ಅವನು ಕಂಡಿದ್ದಾನೆ, ಕೈಯಲ್ಲಿ ಮೊಬೈಲ್ ಇದೆ. ಅವನಿಗೆ ತಿಳಿದಿದೆ. ತನಗೆ ತಿಳಿದಿದೆ ಎಂದು ನಮಗೆ ತೋರಗೊಡದೆ, ನಮ್ಮನ್ನು ಕಾಪಾಡಲು ಅವನೇ ಸುಮ್ಮನಿದ್ದಾನೆ. ಒಂದೇ ಮನೆಯಲ್ಲಿ ಮೂವರೂ ಒಂಟಿಯಾಗುತ್ತಾರೆ.

ಶುಭಸಂದೇಶವನ್ನು ನೋಡೋಣ. ನಾಯಿನ್ ಊರಿನ ವಿಧವೆಯ ಒಬ್ಬನೇ ಮಗ ತೀರಿಕೊಂಡಿದ್ದ. ಪ್ರಭು ಯೇಸು ಆ ತಾಯಿಯನ್ನು ಕಂಡು ಕನಿಕರಪಟ್ಟರು, ಅಳಬೇಡವೆಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಚಟ್ಟವನ್ನು ಮುಟ್ಟಿ, ಆ ಯುವಕನನ್ನೇ ಕರೆದು ಮಾತನಾಡಿಸಿದರು. ಅವನು ಎದ್ದು ಕುಳಿತ. ಮೊದಲು ಮಾಡಿದ್ದೇನು? ಮಾತನಾಡತೊಡಗಿದ ಎಂದು ಸಂತ ಲೂಕರು ಬರೆಯುತ್ತಾರೆ. ಯಾಯಿರನ ಮಗಳಿಗೆ 12 ವರ್ಷ. ಪ್ರಭು ಗೋಳಾಡುತ್ತಿದ್ದ ಜನರನ್ನು ಹೊರಗೆ ಕಳುಹಿಸಿದರು, ತಂದೆ ತಾಯಿಯನ್ನು ಒಳಗೆ ಕರೆದೊಯ್ದರು, ಹುಡುಗಿಯ ಕೈಹಿಡಿದು ಅವಳನ್ನೇ ಮಾತನಾಡಿಸಿದರು. ಕೊನೆಗೆ ಅವಳಿಗೆ ಊಟಕ್ಕೆ ಕೊಡಿ ಎಂದರು. ರೋಗಿಯ ಮನೆಯಲ್ಲಿ ನಡೆದುಕೊಳ್ಳಬೇಕಾದ ರೀತಿ ಇದೇ. ಗದ್ದಲ ಹೊರಗಿರಲಿ, ಹೆತ್ತವರು ಹತ್ತಿರವಿರಲಿ, ಮಾತು ಮಗುವಿನೊಡನೆ ನಡೆಯಲಿ.

ಇದು ಬರೀ ಮನಸ್ಸಿನ ಸಮಾಧಾನದ ಸಂಗತಿಯಲ್ಲ, ಜೀವದ ಪ್ರಶ್ನೆ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಕಾಣುವ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಆಸ್ಪತ್ರೆಯ ಕಠಿಣ ದಿನಗಳು ಮುಗಿದು ಕೂದಲು ಮತ್ತೆ ಬಂದ ಮೇಲೂ ಮನೆಯಲ್ಲಿ ಪ್ರತಿದಿನ ಮಾತ್ರೆ ನುಂಗಬೇಕು. ಈ ಚಿಕಿತ್ಸೆಯ ಹಿಂದೆ ನಮ್ಮ ನೆರೆನಾಡಿನವರ ಶ್ರಮವೂ ಇದೆ. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನಡೆಸಿದ ಸಂಶೋಧನೆಯಿಂದ ಬಂದ ಔಷಧಿಯನ್ನು ವೈದ್ಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ಬಳಗದ ಮೆಥೋಟ್ರೆಕ್ಸೇಟ್ ಮಾತ್ರೆ ಇಂದಿಗೂ ಬಳಕೆಯಲ್ಲಿದೆ. ಆದರೆ ರೋಗವೇನೆಂದೇ ತಿಳಿಯದ ಹುಡುಗ, ಮೈ ಚೆನ್ನಾಗಿದೆ ಎನಿಸಿದಾಗ ಮಾತ್ರೆಯನ್ನು ಏಕೆ ನುಂಗುತ್ತಾನೆ? ಬಿಟ್ಟರೆ ರೋಗ ಮರಳಿ ಬರುವ ಅಪಾಯ ಹೆಚ್ಚು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ ಶೇಕಡಾ 30ಕ್ಕಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಡವಾಗಿ ಪತ್ತೆಯಾಗುವುದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇದರ ಕಾರಣಗಳಲ್ಲಿ ಸೇರಿವೆ. ಇವೆರಡನ್ನೂ ತಡೆಯಲು ನಮ್ಮಿಂದ ಸಾಧ್ಯ.

ತಡವನ್ನು ತಡೆಯುವುದು ಹೇಗೆ? ಕ್ಯಾಸನೂರು ಕಾಡು ನಮ್ಮ ಸೊರಬ ತಾಲ್ಲೂಕಿನದೇ. 1957ರಲ್ಲಿ ಅಲ್ಲಿ ಪತ್ತೆಯಾದ ಮಂಗನ ಕಾಯಿಲೆಯಿಂದಾಗಿ, ಈ ತಿಂಗಳುಗಳಲ್ಲಿ ಜ್ವರವೆಂದರೆ ನಾವು ಮೊದಲು ಅದನ್ನೇ ಯೋಚಿಸುತ್ತೇವೆ. ಯೋಚಿಸಬೇಕು ಕೂಡ. ಆದರೆ ವಾರಗಟ್ಟಲೆ ಬಿಡದ ಜ್ವರ, ಏಟು ಬೀಳದೆಯೇ ಮೈಮೇಲೆ ಕಪ್ಪು ನೀಲಿ ಕಲೆಗಳು, ಒಸಡಿನಲ್ಲಿ ರಕ್ತ, ಕುತ್ತಿಗೆಯಲ್ಲಿ ನೋವಿಲ್ಲದೆ ಬೆಳೆಯುವ ಗಂಟು, ಮೊಣಕಾಲಿನ ಬಳಿ ಇಳಿಯದ ಊತ, ರಾತ್ರಿ ಹೆಚ್ಚುವ ಮೂಳೆನೋವು ಕಂಡರೆ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ, ಎಕ್ಸ್‌ರೇ ಮಾಡಿಸೋಣ. ಆಟದಲ್ಲಿ ಉಳುಕಿರಬೇಕೆಂದು ಎಣ್ಣೆ ತಿಕ್ಕಿಸುತ್ತಾ ತಿಂಗಳು ಕಳೆಯುವುದು ಬೇಡ. ನಾಟಿ ಔಷಧಿಗಾಗಿ ದೂರದೂರದ ಜನ ನಮ್ಮ ಜಿಲ್ಲೆಗೆ ಬಂದು ಸರದಿ ನಿಂತದ್ದನ್ನು ನಾವು ಬಲ್ಲೆವು. ಅದನ್ನು ಕೊಡುತ್ತಿದ್ದರೆ ವೈದ್ಯರಿಗೆ ತಿಳಿಸಿ. ಅದಕ್ಕಾಗಿ ಆಸ್ಪತ್ರೆಯ ಚಿಕಿತ್ಸೆಯನ್ನು ಮಾತ್ರ ಬಿಡಬೇಡಿ.

ಅರ್ಧಕ್ಕೆ ಬಿಡುವುದಕ್ಕೆ ಹೆಚ್ಚಾಗಿ ಕಾರಣ ಹಣ ಮತ್ತು ದಾರಿ. ಬೆಂಗಳೂರಿನ ಕಿದ್ವಾಯಿ ಗಂಥಿ ಆಸ್ಪತ್ರೆ ಇಲ್ಲಿಂದ 300 ಕಿಲೋಮೀಟರಿಗೂ ದೂರ. ಪ್ರತಿ ಸಲವೂ ಒಬ್ಬರ ಕೂಲಿ ಹೋಗುತ್ತದೆ, ಹಸುವಿಗೆ ಹುಲ್ಲು ಹಾಕುವವರಿಲ್ಲ, ಕಿರಿಯ ಮಕ್ಕಳನ್ನು ನೋಡುವವರಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ. ಆದರೆ ಹಸುವನ್ನು ಯಾವ ಯೋಜನೆಯೂ ನೋಡಿಕೊಳ್ಳುವುದಿಲ್ಲ. ಅದು ನೆರೆಯವರಾದ ನಮ್ಮ ಪಾಲಿನ ಕೆಲಸ. ಕಾಗದಪತ್ರ ಮಾಡಿಸಿಕೊಡಲು ನಮ್ಮ ಯುವಕರು, ಮನೆ ನೋಡಿಕೊಳ್ಳಲು ನಮ್ಮ ಮಹಿಳೆಯರು ಮುಂದೆ ಬರಲಿ. ಕೆಮ್ಮು ನೆಗಡಿ ಇದ್ದವರು ಭೇಟಿಗೆ ಹೋಗದಿರುವುದೂ ಒಂದು ಸೇವೆಯೇ. ಕಿಮೋಥೆರಪಿಯ ದಿನಗಳಲ್ಲಿ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಆ ರಾತ್ರಿ ವಾಹನ ಇರುವವರು ಬಾಗಿಲು ತೆರೆಯಲಿ.

ಈ ಸೇವೆ ನಮ್ಮ ಮಣ್ಣಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1162ರ ಶಾಸನವೊಂದು ಅಲ್ಲಿನ ಕೋಡಿಯ ಮಠವನ್ನು ವರ್ಣಿಸುತ್ತದೆ. ಅದು ವಿದ್ಯೆಯ ಸ್ಥಾನವಾಗಿತ್ತು. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ ಸ್ಥಾನವಾಗಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಸಿಗುವ ಸ್ಥಾನವೂ ಆಗಿತ್ತು. ಎಂಟುನೂರು ವರ್ಷಗಳ ಹಿಂದೆ ಈ ನೆಲದಲ್ಲಿ ಪಾಠ, ಊಟ, ಔಷಧಿ ಒಂದೇ ಬಾಗಿಲಲ್ಲಿ ಸಿಗುತ್ತಿದ್ದವು. ಇಂದು ರೋಗಿಯಾದ ವಿದ್ಯಾರ್ಥಿಗೂ ಈ ಮೂರೂ ಬೇಕು. ಪಿಯುಸಿ ನಿಂತುಹೋದ ಹುಡುಗಿಗೆ ಗೆಳತಿಯರು ನೋಟ್ಸ್ ತಲುಪಿಸಲಿ. ಕಾಯಿಲೆ ಬಂದವಳೆಂದು ನಾಳೆ ಅವಳ ಮದುವೆಯ ಮಾತು ಮುರಿಯುವವರು ನಾವಾಗದಿರೋಣ. ಕ್ಯಾನ್ಸರ್ ಅಂಟುರೋಗವಲ್ಲ, ಶಾಪವೂ ಅಲ್ಲ. ಕೆಲವು ಚಿಕಿತ್ಸೆಗಳಿಂದ ಮುಂದೆ ಮಕ್ಕಳಾಗಲು ತೊಂದರೆಯಾಗಬಹುದು. ಆ ವಿಷಯವನ್ನು ಚಿಕಿತ್ಸೆ ಆರಂಭವಾಗುವ ಮೊದಲೇ, ಸಂಕೋಚಪಡದೆ, ಮಗ ಅಥವಾ ಮಗಳ ಎದುರಿನಲ್ಲೇ ವೈದ್ಯರಲ್ಲಿ ಕೇಳಬೇಕು.

ಸತ್ಯ ಹೇಳುವುದೆಂದರೆ ಒಂದೇ ಸಲಕ್ಕೆ ಎಲ್ಲವನ್ನೂ ತಲೆಯ ಮೇಲೆ ಸುರಿಯುವುದಲ್ಲ. ಇಟಲಿಯ ಪುನೀತೆ ಕಿಯಾರಾ ಬದಾನೊ 1990ರಲ್ಲಿ ಮೂಳೆ ಕ್ಯಾನ್ಸರಿನಿಂದ 18ನೇ ವಯಸ್ಸಿನಲ್ಲಿ ತೀರಿಕೊಂಡವಳು. ತನ್ನ ರೋಗ ಎಂಥದ್ದೆಂದು ತಿಳಿದ ದಿನ ಅವಳು ಮನೆಗೆ ಬಂದು ಹಾಸಿಗೆಯ ಮೇಲೆ ಒರಗಿದಳು, ಈಗ ಮಾತು ಬೇಡವೆಂದಳು. ತಾಯಿ ಪಕ್ಕದಲ್ಲಿ ಸುಮ್ಮನೆ ಕುಳಿತಳು. 25 ನಿಮಿಷ ಕಳೆದ ಮೇಲೆ ಮಗಳು ತಿರುಗಿ, ನಗುತ್ತಾ, ಈಗ ಮಾತನಾಡಬಹುದೆಂದಳು. ಆ ತಾಯಿ ಉಪದೇಶ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಕೇಳಿದ್ದಕ್ಕೆ ಸುಳ್ಳಾಡದೆ ಉತ್ತರಿಸುವುದು, ಕೇಳದಿದ್ದಾಗ ಜೊತೆಗೆ ಕುಳಿತಿರುವುದು, ಇಷ್ಟೇ ನಮ್ಮಿಂದ ಬೇಕಾದದ್ದು.

ಎಲ್ಲರೂ ಗುಣವಾಗುವುದಿಲ್ಲ ಎಂಬುದನ್ನೂ ಈ ಹಬ್ಬ ಮರೆಮಾಚುವುದಿಲ್ಲ. ಲೂರ್ದಿನ ಬುಗ್ಗೆಯನ್ನು ತನ್ನ ಕೈಯಾರೆ ಕೆದಕಿ ತೆರೆದ ಬರ್ನಡೆಟ್ ಕ್ಷಯರೋಗದಿಂದ 1879ರಲ್ಲಿ, 35ನೇ ವಯಸ್ಸಿನಲ್ಲಿ ಕಣ್ಮುಚ್ಚಿದಳು. 2006ರಲ್ಲಿ ರಕ್ತ ಕ್ಯಾನ್ಸರಿನಿಂದ 15ನೇ ವಯಸ್ಸಿನಲ್ಲಿ ಅಗಲಿದ ಕಾರ್ಲೊ ಅಕುಟಿಸ್‌ನನ್ನು ಜಗದ್ಗುರು ಹದಿನಾಲ್ಕನೇ ಲಿಯೋ ಅವರು 2025ರ ಸೆಪ್ಟೆಂಬರ್ 7ರಂದು ಸಂತರೆಂದು ಸಾರಿದರು. ಆದ್ದರಿಂದ ಗುಣವಾಗದ ಮಗುವಿನ ಹಾಸಿಗೆಯ ಬಳಿ, ನಂಬಿಕೆ ಸಾಲದಾಯಿತು ಎಂದು ಯಾರೂ ಹೇಳದಿರಲಿ. ನೋವನ್ನು ತಗ್ಗಿಸುವ ಔಷಧಿ ಬೇಡವೆನ್ನುವುದನ್ನು ಧರ್ಮಸಭೆ ಯಾರಿಂದಲೂ ನಿರೀಕ್ಷಿಸುವುದಿಲ್ಲ.

ಕೊನೆಯದಾಗಿ, ಚಿಕಿತ್ಸೆಯಲ್ಲಿರುವ ಪ್ರಿಯ ಯುವಕ ಯುವತಿಯರೇ, ಈ ಮಾತು ನಿಮಗೆ. ನಿಮ್ಮ ಬಗ್ಗೆ ನಿಮ್ಮ ಬೆನ್ನ ಹಿಂದೆ ಬಹಳ ಮಾತಾಗಿದೆ. ನೀವು ಕೇಳಿ. ನನಗೇನಾಗಿದೆ, ಈ ಔಷಧಿ ಏಕೆ, ಇನ್ನೆಷ್ಟು ದಿನ ಎಂದು ವೈದ್ಯರನ್ನು ಕೇಳಿ. ಸಿಟ್ಟು ಬಂದರೆ ದೇವರ ಮೇಲೂ ಸಿಟ್ಟಾಗಿ. ಯೋಬನ ಮಾತನ್ನು ಸಹಿಸಿಕೊಂಡ ದೇವರು ನಿಮ್ಮದನ್ನೂ ಸಹಿಸುತ್ತಾರೆ. ಮಾತ್ರೆಯನ್ನು ಮಾತ್ರ ಬಿಡಬೇಡಿ. ಗುರುಗಳಾದ ನಾವು ಪರಮಪ್ರಸಾದದೊಡನೆ ನಿಮ್ಮ ಮನೆಗೆ ಬರುವಾಗ ಮೊದಲು ನಿಮ್ಮನ್ನೇ ಮಾತನಾಡಿಸುತ್ತೇವೆ. ಬರಬಹುದೇ ಎಂದು ಕೇಳಿಯೇ ಬರುತ್ತೇವೆ.

14ರ ಹುಡುಗಿಯನ್ನು ಗೌರವದಿಂದ ಮಾತನಾಡಿಸಿದ ಲೂರ್ದು ಮಾತೆ ನಮಗೂ ಆ ನಡೆಯನ್ನು ಕಲಿಸಲಿ. ರೋಗಿಗಳ ಆರೋಗ್ಯವಾದ ಆ ತಾಯಿ ನಮ್ಮ ಎಳೆಯರಿಗಾಗಿ, ಅವರೊಡನೆ ಎಚ್ಚರವಿರುವ ತಂದೆ ತಾಯಿಯರಿಗಾಗಿ, ದಾದಿಯರಿಗಾಗಿ, ವೈದ್ಯರಿಗಾಗಿ ಪ್ರಾರ್ಥಿಸಲಿ. ಆಮೆನ್.